ಕುಡಿತ ಬಿಟ್ಟವರ ಕೂಟಗಳ ಚರಿತ್ರೆ ಮತ್ತು ನಮ್ಮ ದುದ್ದ ಸೀಮೆ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಅಸ್ತಿಭಾರ, ಗಂಟೆ, ಪೀಠ, ಇಲ್ಲಿ ಸೇವೆ ಸಲ್ಲಿಸಿದ ವಂದನೀಯ ಗುರುಗಳ ನಾಮಾವಳಿ, ಇವುಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಆ ಕಾರ್ಯವನ್ನು ಬೇರೆ ಲೇಖಕರು ನಮಗಿಂತ ಚೆನ್ನಾಗಿ ನೆರವೇರಿಸಿದ್ದಾರೆ. ಸಂಪಾದಕ ಮಂಡಳಿಯವರು ನಮ್ಮಿಂದಲೂ ಒಂದು ಚಾರಿತ್ರಿಕ ಲೇಖನವನ್ನು ಅಪೇಕ್ಷಿಸಿದಾಗ ನಾವು ವಿಚಾರಣೆಯ ಹಳೆಯ ದಫ್ತರಗಳನ್ನು ತೆಗೆಸಿ ನೋಡಿದೆವು. ಮರಣದ ದಫ್ತರದಲ್ಲಿ ಸಾವಿನ ಕಾರಣವನ್ನು ಬರೆದಿರುವ ಕಡೆಗಳಲ್ಲಿ ಜ್ವರ, ವಾಂತಿಭೇದಿ, ಕಾಮಾಲೆ, ಹೊಟ್ಟೆನೋವು, ಹಾವು ಕಡಿತ, ನೀರಿಗೆ ಬಿದ್ದು ಮರಣ ಎಂದಿದೆ. ಕುಡಿತ ಎಂಬ ಪದ ಒಂದೇ ಒಂದು ಕಡೆಯೂ ಇಲ್ಲ. ಕೆಲವು ಕಾಮಾಲೆಗಳ ಹಿಂದೆ, ಕೆಲವು ನೀರಿನ ಸಾವುಗಳ ಹಿಂದೆ ಏನಿತ್ತೆಂಬುದನ್ನು ಊರ ಹಿರಿಯರು ಬಲ್ಲರು; ಬರೆದ ಗುರುಗಳೂ ಬಲ್ಲವರಾಗಿದ್ದರು. ವಿಧವೆಯ ಮತ್ತು ಮಕ್ಕಳ ಮಾನವನ್ನು ಕಾಯಲು ಅವರು ಹಾಗೆ ಬರೆದರು. ಅದು ದಯೆಯೇ ಸರಿ. ಆದರೆ ಆ ದಯೆಯ ದೆಸೆಯಿಂದ ನಮ್ಮ ಮನೆಗಳ ಒಂದು ದೊಡ್ಡ ಸಂಕಟಕ್ಕೆ ಚರಿತ್ರೆಯೇ ಇಲ್ಲದಂತಾಯಿತು.

ಕುಡಿತದ ಕೇಡನ್ನು ಕುರಿತು ಇಲ್ಲಿ ಪ್ರಸಂಗ ಮಾಡುವ ಉದ್ದೇಶ ನಮಗಿಲ್ಲ. ಅದನ್ನು ತಪಸ್ಸುಕಾಲದ ಪ್ರತಿ ಶುಕ್ರವಾರವೂ ನೀವು ಕೇಳಿದ್ದೀರಿ. ಕುಡಿತ ಬಿಟ್ಟವರು ವಾರಕ್ಕೊಮ್ಮೆ ಒಂದೆಡೆ ಕೂಡಿ ಕುಳಿತು, ತಮ್ಮ ತಮ್ಮ ಕತೆಯನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಇನ್ನೊಂದು ವಾರ ಕುಡಿಯದೆ ಬಾಳುವ ಸಭೆಗಳಿವೆಯಲ್ಲ, ಅವು ಎಲ್ಲಿ ಹುಟ್ಟಿದವು, ಹೇಗೆ ನಮ್ಮ ನಾಡಿಗೆ ಬಂದವು, ಮಂಡ್ಯ ತಾಲ್ಲೂಕಿನ ಈ ದುದ್ದ ಹೋಬಳಿಯ ಮನುಷ್ಯನೊಬ್ಬ ಅವುಗಳನ್ನು ಹೇಗೆ ತಲುಪಬೇಕು ಎಂಬುದಷ್ಟೇ ನಮ್ಮ ವಿಷಯ.

ಮೊದಲು ನಮ್ಮ ಸೀಮೆಯ ಮಾತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಪ್ರಾರಂಭವಾಗಿ, ನಾಲೆಗಳು ಹರಿದು, ರಾಗಿ ಹುರುಳಿಯ ನೆಲ ಕಬ್ಬು ಭತ್ತದ ನೆಲವಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬು ಅರೆದಲ್ಲಿ ಕಾಕಂಬಿ ಉಳಿಯುತ್ತದೆ, ಕಾಕಂಬಿಯಿಂದ ಮದ್ಯಸಾರ ಬರುತ್ತದೆ. ಕಾರ್ಖಾನೆಯ ಜೊತೆಗೇ ಡಿಸ್ಟಿಲರಿಯೂ ಬಂದದ್ದು ಆಶ್ಚರ್ಯದ ಸಂಗತಿಯಲ್ಲ. ನೀರಾವರಿಯಿಂದ ಜನರ ಕೈಗೆ ವರ್ಷಕ್ಕೊಮ್ಮೆ ಇಡಿಗಂಟು ಹಣ ಬರತೊಡಗಿತು. ಕಬ್ಬಿನ ದುಡ್ಡು ಬಂದ ತಿಂಗಳು ಯಾವ ಅಂಗಡಿಯಲ್ಲಿ ಜನ ಸೇರುತ್ತಾರೆಂಬುದನ್ನು ನಾವು ಹೇಳಬೇಕಾಗಿಲ್ಲ. ಹಬ್ಬದ ಬಾಡೂಟಕ್ಕೆ, ಮದುವೆಗೆ, ತಿಥಿಗೆ, ಮಹಾಲಯದಲ್ಲಿ ಹಿರಿಯರ ಎಡೆಗೆ, ಎಲ್ಲದಕ್ಕೂ ಬಾಟಲಿ ಬೇಕೆಂಬುದು ರೂಢಿಯಾಯಿತು. ನಮ್ಮ ಕ್ರೈಸ್ತ ಕುಟುಂಬಗಳು ಈ ರೂಢಿಯಿಂದ ಹೊರಗುಳಿದವೆಂದು ಹೇಳುವ ಧೈರ್ಯ ನಮಗಿಲ್ಲ. ಪಾಲಕ ಸಂತರ ತೇರಿನ ರಾತ್ರಿ ಊರೊಳಗೆ ನಡೆದಾಡಿದವರಿಗೆ ಇದು ಗೊತ್ತು.

ಸರ್ಕಾರಗಳು ಸುಮ್ಮನಿರಲಿಲ್ಲ. ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ರಾಜ್ಯಗಳ ಕರ್ತವ್ಯವೆಂದು ಹೇಳಿತು. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದಲ್ಲಿ ಹಂತಹಂತವಾಗಿ ಬಂದ ಪಾನನಿರೋಧವನ್ನು 1967ರಲ್ಲಿ ತೆಗೆದುಹಾಕಲಾಯಿತು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಸೇವಿಸಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಕೂಲಿಯವರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಚಿಕ್ಕ ಪೊಟ್ಟಣ ಬಂತು. 2019ರ ಜನವರಿಯಲ್ಲಿ ರಾಯಚೂರು ಮುಂತಾದ ಜಿಲ್ಲೆಗಳ ಸಾವಿರಾರು ಬಡ ಹೆಂಗಸರು ಮದ್ಯನಿಷೇಧವನ್ನು ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ಆ ತಾಯಂದಿರ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಇಷ್ಟೂ ವರ್ಷ ಕಾನೂನು ಅಂಗಡಿಯ ವಿಚಾರವನ್ನು ಮಾತ್ರ ನೋಡಿತು. ಸಂಜೆ ಆರು ಗಂಟೆಗೆ ಕೈ ನಡುಗುತ್ತ ಮನೆಯ ಜಗುಲಿಯಲ್ಲಿ ಕುಳಿತ ಮನುಷ್ಯನನ್ನು ನೋಡುವ ಕೆಲಸ ಬೇರೆ ಯಾರಿಗೋ ಉಳಿಯಿತು.

ಆ ಕೆಲಸವನ್ನು ಧರ್ಮಸಭೆ ಬಹುಕಾಲ ಪ್ರತಿಜ್ಞೆಯ ಮೂಲಕ ಮಾಡಲು ಯತ್ನಿಸಿತು. ಐರ್ಲೆಂಡ್ ದೇಶದ ಕಾರ್ಕ್ ನಗರದಲ್ಲಿ ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ ಎಂಬ ಕಪುಚಿನ್ ಸಭೆಯ ಗುರುಗಳು 1838ರ ಏಪ್ರಿಲ್ 10ರಂದು ಸಂಪೂರ್ಣ ಪಾನತ್ಯಾಗದ ಪ್ರತಿಜ್ಞೆಗೆ ತಾವೇ ಮೊದಲಾಗಿ ಸಹಿ ಹಾಕಿದರು. ಕೆಲವೇ ವರ್ಷಗಳಲ್ಲಿ ಲಕ್ಷೋಪಲಕ್ಷ ಜನ ಅವರ ಮುಂದೆ ಮಂಡಿಯೂರಿ ಪ್ರತಿಜ್ಞೆ ಸ್ವೀಕರಿಸಿದರು. 1845ರಿಂದ ಬಂದ ಮಹಾಕ್ಷಾಮದಲ್ಲಿ ದೇಶ ನಲುಗಿತು, ಚಳವಳಿ ಕುಂದಿತು. 1856ರಲ್ಲಿ ಅವರು ದೈವಾಧೀನರಾಗುವ ವೇಳೆಗೆ ಅದರ ವೈಭವ ಹೋಗಿತ್ತು. ಅದೇ 1856ರಲ್ಲಿ ಡಬ್ಲಿನ್ ನಗರದ ಬಡಕುಟುಂಬದಲ್ಲಿ ಮ್ಯಾಟ್ ಟಾಲ್ಬಟ್ ಎಂಬ ಮಗು ಹುಟ್ಟಿತು. ಹನ್ನೆರಡನೆಯ ವಯಸ್ಸಿಗೇ ಮದ್ಯದ ಮಳಿಗೆಯಲ್ಲಿ ಕೆಲಸಕ್ಕೆ ಸೇರಿ ಕುಡಿತಕ್ಕೆ ಬಿದ್ದ ಆತ, 1884ರಲ್ಲಿ ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೂರು ತಿಂಗಳ ಮಟ್ಟಿಗೆ ಪ್ರತಿಜ್ಞೆ ಮಾಡಿದ, ಅನಂತರ ಅದನ್ನು ಜೀವಾವಧಿಗೆ ವಿಸ್ತರಿಸಿದ. ಮರದ ಮಂಡಿಯಲ್ಲಿ ಕೂಲಿ ಮಾಡುತ್ತ, ಮುಂಜಾನೆಯ ಬಲಿಪೂಜೆಯನ್ನು ತಪ್ಪಿಸದೆ, ನಲವತ್ತೊಂದು ವರ್ಷ ಒಂದು ಹನಿಯನ್ನೂ ಮುಟ್ಟದೆ ಬಾಳಿ 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ಪ್ರಾಣಬಿಟ್ಟ. 1975ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಆತನನ್ನು ಪೂಜ್ಯನೆಂದು ಘೋಷಿಸಿದರು.

ಮ್ಯಾಟ್ ಟಾಲ್ಬಟ್ ದೊಡ್ಡವನು. ಆದರೆ ಅಂಥವರು ಸಾವಿರಕ್ಕೊಬ್ಬರು. ನಮ್ಮ ಕಡೆ ಶಿಲುಬೆ ಮುಟ್ಟಿ ಆಣೆ ಮಾಡಿದವರನ್ನೂ, ನೆರೆಮನೆಯ ಹಿಂದೂ ಸಹೋದರರಲ್ಲಿ ಮಾದಪ್ಪನ ಮೇಲೆ, ಮಂಜುನಾಥನ ಮೇಲೆ ಆಣೆಯಿಟ್ಟವರನ್ನೂ ನಾವು ಬೇಕಾದಷ್ಟು ನೋಡಿದ್ದೇವೆ. ಅವರಲ್ಲಿ ಯಾರೂ ಸುಳ್ಳು ಆಣೆ ಮಾಡಿದವರಲ್ಲ. ಆ ಗಳಿಗೆಯಲ್ಲಿ ಮನಸಾರೆ ಅತ್ತವರೇ. ತೊಡಕು ಎಲ್ಲಿತ್ತೆಂದರೆ, ಆಣೆ ಮಾಡುವಾಗ ಸುತ್ತ ಊರೆಲ್ಲ ಇರುತ್ತದೆ, ಮಾರನೆಯ ಸಂಜೆ ಆತ ಒಬ್ಬನೇ ಇರುತ್ತಾನೆ. ಮತ್ತೆ ಕುಡಿದನೆಂದರೆ ಕುಡಿದ ಪಾಪದ ಮೇಲೆ ಆಣೆ ಮುರಿದ ಪಾಪದ ಭಯವೂ ಸೇರಿ, ಇಗರ್ಜಿಯ ಕಡೆ ತಲೆಹಾಕುವುದನ್ನೇ ಬಿಡುತ್ತಾನೆ.

ಕುಡುಕನ ಜೊತೆ ಕುಡುಕನೇ ಇರಬೇಕೆಂಬ ಆಲೋಚನೆಯನ್ನು ಮೊದಲು ಪ್ರಯೋಗಿಸಿದವರು ಅಮೆರಿಕದ ಬಾಲ್ಟಿಮೋರ್ ನಗರದ ಆರು ಮಂದಿ. 1840ರಲ್ಲಿ ಹೆಂಡದ ಅಂಗಡಿಯಲ್ಲೇ ಕುಳಿತು ಅವರು ಪಾನತ್ಯಾಗದ ಸಂಘವೊಂದನ್ನು ಕಟ್ಟಿದರು. ವಾಷಿಂಗ್ಟನ್ ಸಂಘವೆಂದು ಹೆಸರಾದ ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಅಷ್ಟೇ ಬೇಗ ಆರಿತು. ಪಾನನಿರೋಧದ ರಾಜಕೀಯಕ್ಕೆ, ಮತೀಯ ವಾಗ್ವಾದಗಳಿಗೆ, ವೇದಿಕೆಯ ಭಾಷಣಕಾರರ ಕೀರ್ತಿಗೆ ಸಿಕ್ಕಿ ಹತ್ತು ವರ್ಷದೊಳಗೆ ಹೇಳಹೆಸರಿಲ್ಲದಾಯಿತು. ಈ ಸೋಲನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬಂದವರು ಇದರಿಂದ ಪಾಠ ಕಲಿತರು.

1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ದುಡಿದು, ಕುಡಿದು ಎಲ್ಲವನ್ನೂ ಕಳೆದುಕೊಂಡು, ಐದಾರು ತಿಂಗಳಿನಿಂದ ಕುಡಿತವನ್ನು ಬಿಟ್ಟಿದ್ದ ಬಿಲ್ ವಿಲ್ಸನ್ ಎಂಬಾತ ವ್ಯವಹಾರಕ್ಕೆಂದು ಒಹಾಯೊ ಪ್ರಾಂತ್ಯದ ಅಕ್ರಾನ್ ಪಟ್ಟಣಕ್ಕೆ ಬಂದಿದ್ದ. ವ್ಯವಹಾರ ಕೆಟ್ಟಿತು. ಹೋಟೆಲಿನ ಒಂದು ಬದಿಗೆ ಮದ್ಯದ ಕೋಣೆ, ನಗುವ ಜನ. ಇನ್ನೊಂದು ಬದಿಗೆ ಟೆಲಿಫೋನು, ಪಕ್ಕದಲ್ಲಿ ಊರಿನ ದೇವಾಲಯಗಳ ಪಟ್ಟಿ. ಆತ ಟೆಲಿಫೋನಿನ ಕಡೆ ನಡೆದ. ಪಟ್ಟಿಯಲ್ಲಿದ್ದ ಬೋಧಕರೊಬ್ಬರಿಗೆ ಕರೆ ಮಾಡಿ, ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕಾಗಿದೆ ಎಂದ. ಬೋಧನೆಯನ್ನು ಕೇಳಲಿಲ್ಲ, ವೈದ್ಯರನ್ನು ಕೇಳಲಿಲ್ಲ ಎಂಬುದನ್ನು ಗಮನಿಸಿರಿ. ಹಲವು ಕರೆಗಳ ಕೊನೆಗೆ ಆ ಊರಿನ ಶಸ್ತ್ರವೈದ್ಯರಾದ ಡಾ. ಬಾಬ್ ಸ್ಮಿತ್ ಸಿಕ್ಕಿದರು. ಹದಿನೈದು ನಿಮಿಷವಷ್ಟೇ ಕೂರುತ್ತೇನೆಂದು ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ಮಧ್ಯೆ ಒಮ್ಮೆ ಜಾರಿದರು. ಜೂನ್ 10ರ ಬಳಿಕ ಮತ್ತೆ ಕುಡಿಯಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳದ ಮದ್ಯವ್ಯಸನಿಗಳ ಕೂಟದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಜನ ಅದನ್ನು ಎ.ಎ. ಎಂದು ಕರೆಯುತ್ತಾರೆ.

ಇಲ್ಲಿಂದ ಮುಂದೆ ನಮ್ಮ ಧರ್ಮಸಭೆಯ ಇಬ್ಬರು ಈ ಕತೆಯೊಳಗೆ ಬರುತ್ತಾರೆ. ಅಕ್ರಾನಿನ ಸಂತ ತೋಮಾಸರ ಆಸ್ಪತ್ರೆಯಲ್ಲಿ ರೋಗಿಗಳ ದಾಖಲಾತಿಯ ಮೇಜಿನಲ್ಲಿದ್ದವರು ಸಿಸ್ಟರ್ ಇಗ್ನೇಶಿಯಾ ಎಂಬ ಕೃಶಕಾಯದ ಮಠಕನ್ಯೆ. ಆ ಕಾಲದಲ್ಲಿ ಕುಡುಕರಿಗೆ ಆಸ್ಪತ್ರೆಗಳು ಹಾಸಿಗೆ ಕೊಡುತ್ತಿರಲಿಲ್ಲ. 1939ರ ಆಗಸ್ಟಿನಲ್ಲಿ ಡಾ. ಬಾಬ್ ಕರೆತಂದ ರೋಗಿಯನ್ನು ಅವರು ಜಠರದ ಉರಿಯೂತವೆಂದು ಬರೆದು ಸೇರಿಸಿಕೊಂಡರು. ಹೂವುಗಳನ್ನು ಜೋಡಿಸುವ ಪುಟ್ಟ ಕೋಣೆಯಲ್ಲಿ ಮಂಚ ಹಾಕಿಸಿದರು. (ನಮ್ಮ ಹಳೆಯ ಗುರುಗಳು ದಫ್ತರದಲ್ಲಿ ಮಾಡಿದ್ದನ್ನೇ ಆಕೆ ಬೇರೊಂದು ಉದ್ದೇಶಕ್ಕೆ ಮಾಡಿದರೆಂದು ಹೇಳಬಹುದು.) ಡಾ. ಬಾಬ್ 1950ರಲ್ಲಿ ತೀರಿಕೊಳ್ಳುವ ತನಕ ಆ ಇಬ್ಬರೂ ಸೇರಿ ಸುಮಾರು ಐದು ಸಾವಿರ ವ್ಯಸನಿಗಳನ್ನು ನೋಡಿಕೊಂಡರು. ಆಸ್ಪತ್ರೆಯಿಂದ ಹೊರಡುವವನ ಕೈಗೆ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಒಂದು ಚಿಕ್ಕ ಬ್ಯಾಡ್ಜನ್ನು ಕೊಡುತ್ತಿದ್ದರು. ಷರತ್ತು ಒಂದೇ: ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಬಂದು ಅದನ್ನು ಹಿಂದಿರುಗಿಸಬೇಕು. ನಮ್ಮ ಆಣೆಗೂ ಈ ಷರತ್ತಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಆಣೆ ಮುರಿದವನು ಇಗರ್ಜಿಯಿಂದ ದೂರ ಓಡುತ್ತಾನೆ. ಸಿಸ್ಟರ್ ಕೊಟ್ಟ ಬ್ಯಾಡ್ಜು ಅವನನ್ನು ಮರಳಿ ಅವರ ಬಾಗಿಲಿಗೇ ತರುತ್ತಿತ್ತು.

ಎರಡನೆಯವರು ಸೇಂಟ್ ಲೂಯಿಸ್ ನಗರದ ಯೇಸುಸಭೆಯ ಗುರು ಫಾದರ್ ಎಡ್ವರ್ಡ್ ಡೌಲಿಂಗ್. ಸಂಧಿವಾತದಿಂದ ಕಾಲೆಳೆಯುತ್ತಿದ್ದ ಅವರು 1940ರ ಚಳಿಗಾಲದ ಒಂದು ರಾತ್ರಿ ನ್ಯೂಯಾರ್ಕಿಗೆ ಬಂದು ಬಿಲ್ ವಿಲ್ಸನ್ನನನ್ನು ಹುಡುಕಿದರು. ಅವರು ಕುಡುಕರಲ್ಲ. 1939ರಲ್ಲಿ ಪ್ರಕಟವಾಗಿದ್ದ ಕೂಟದ ಪುಸ್ತಕದಲ್ಲಿನ ಹನ್ನೆರಡು ಮೆಟ್ಟಿಲುಗಳನ್ನು ಓದಿ, ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೂ ಇವಕ್ಕೂ ಹೋಲಿಕೆ ಕಂಡು, ಅದನ್ನು ಕೇಳಲು ಬಂದಿದ್ದರು. ಬಿಲ್ ಆ ಗ್ರಂಥವನ್ನು ನೋಡಿಯೇ ಇರಲಿಲ್ಲ. ಅಂದಿನಿಂದ ಇಪ್ಪತ್ತು ವರ್ಷ, 1960ರಲ್ಲಿ ಫಾದರ್ ಡೌಲಿಂಗ್ ತೀರಿಕೊಳ್ಳುವ ತನಕ, ಅವರು ಆತನಿಗೆ ಆಪ್ತ ಗುರುವಾಗಿದ್ದರು. ಆದರೂ ಕೂಟವನ್ನು ಕಥೋಲಿಕ ಕೂಟವಾಗಿಸಲು ಅವರು ಯತ್ನಿಸಲಿಲ್ಲ. ಹನ್ನೆರಡು ಮೆಟ್ಟಿಲುಗಳಲ್ಲಿ ತನ್ನ ಅಸಹಾಯಕತೆಯನ್ನು ಒಪ್ಪಿಕೊಳ್ಳುವುದು, ತಾನು ಅರಿತಂತಹ ದೇವರಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು, ತನ್ನ ತಪ್ಪುಗಳ ಪಟ್ಟಿಮಾಡಿ ಇನ್ನೊಬ್ಬರ ಮುಂದೆ ಹೇಳುವುದು, ನೊಂದವರಿಗೆ ಸಾಧ್ಯವಾದಷ್ಟು ಪರಿಹಾರ ಕೊಡುವುದು, ಕೊನೆಗೆ ಇನ್ನೊಬ್ಬ ವ್ಯಸನಿಗೆ ನೆರವಾಗುವುದು, ಇಷ್ಟು ಇವೆ. ಐದನೆಯ ಮೆಟ್ಟಿಲು ನಮ್ಮ ಪಾಪನಿವೇದನೆಯನ್ನು ನೆನಪಿಸುತ್ತದೆ. ಆದರೆ ಅದು ಸಂಸ್ಕಾರವಲ್ಲ, ಸಂಸ್ಕಾರಕ್ಕೆ ಬದಲೂ ಅಲ್ಲ. ಹಿಂದೂ, ಮುಸಲ್ಮಾನ, ದೇವರನ್ನು ನಂಬದವ, ಯಾರೂ ತಮ್ಮ ಮತ ಬಿಡದೆ ಆ ಮೆಟ್ಟಿಲುಗಳನ್ನು ಹತ್ತಬಹುದು.

1950ರಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಸೇರಿದ ಮಹಾಸಮ್ಮೇಳನ ಕೂಟದ ಹನ್ನೆರಡು ಸಂಪ್ರದಾಯಗಳನ್ನು ಅಂಗೀಕರಿಸಿತು. ಸದಸ್ಯತ್ವಕ್ಕೆ ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸಾಕು. ಹೊರಗಿನವರ ದೇಣಿಗೆ ಬೇಡ. ರಾಜಕೀಯ, ಮತ, ಪಾನನಿರೋಧ, ಯಾವುದರ ಬಗ್ಗೆಯೂ ಕೂಟಕ್ಕೆ ಅಭಿಪ್ರಾಯವಿಲ್ಲ. ಪತ್ರಿಕೆಯಲ್ಲಿ, ವೇದಿಕೆಯಲ್ಲಿ ಸದಸ್ಯನ ಹೆಸರು ಬರಕೂಡದು. ವಾಷಿಂಗ್ಟನ್ ಸಂಘವನ್ನು ಮುಳುಗಿಸಿದ ಒಂದೊಂದು ತೂತಿಗೂ ಇಲ್ಲಿ ಬೆಣೆ ಹೊಡೆದಿದೆ. ಸಮಿತಿ, ಸನ್ಮಾನ, ಬ್ಯಾನರು, ಅಧ್ಯಕ್ಷೀಯ ಭಾಷಣ ಇಲ್ಲದೆ ನಮ್ಮಲ್ಲಿ ಒಂದು ಸಂಘ ಎಷ್ಟು ದಿನ ಬಾಳೀತು ಎಂದು ಯೋಚಿಸಿದರೆ ನಗು ಬರುತ್ತದೆ. ಈ ಕೂಟ ಹಾಗೆಯೇ ತೊಂಬತ್ತು ವರ್ಷ ಬಾಳಿದೆ.

ಭಾರತದಲ್ಲಿ ಇದು 1957ರಲ್ಲಿ ಮುಂಬಯಿಯಲ್ಲಿ ಬೇರೂರಿ ಇತರ ನಗರಗಳಿಗೆ ಹರಡಿತು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಸಭೆಗಳು ನಡೆಯುತ್ತಿವೆ. ಬೆಂಗಳೂರಿನಲ್ಲಂತೂ ಕನ್ನಡ, ತಮಿಳು, ಇಂಗ್ಲಿಷ್ ಸಭೆಗಳು ಬೇರೆಬೇರೆ ಇವೆ. ಎಷ್ಟೋ ಕಡೆ ಇಗರ್ಜಿಯ ಅಥವಾ ಶಾಲೆಯ ಒಂದು ಕೋಣೆಯೇ ಸಭಾಸ್ಥಾನ. 1980ರಲ್ಲಿ ಮದ್ರಾಸಿನಲ್ಲಿ, ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶ್ರೀಮತಿ ಶಾಂತಿ ರಂಗನಾಥನ್ ಅವರು ಗಂಡನ ಹೆಸರಿನಲ್ಲೇ ಚಿಕಿತ್ಸಾಕೇಂದ್ರವನ್ನು ತೆರೆದರು. 1981ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ ಅವರು ಕೃಪಾ ಸಂಸ್ಥೆಯನ್ನು ಪ್ರಾರಂಭಿಸಿ ಹನ್ನೆರಡು ಮೆಟ್ಟಿಲುಗಳ ಜೊತೆಗೆ ಯೋಗಾಭ್ಯಾಸವನ್ನೂ ಸೇರಿಸಿದರು. ಅವರಿಗೆ ಯೋಗ ಕಲಿಸಿದವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ ಎಂಬುದನ್ನು ಹೆಮ್ಮೆಯಿಂದ ಹೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1990ರ ದಶಕದಿಂದ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ.

ಆದರೆ ಇವೆಲ್ಲ ನಗರಗಳ ಮಾತು. ಕರ್ನಾಟಕದ ಹಳ್ಳಿಗಳಿಗೆ ಇಂಥ ಕೂಟವನ್ನು ಕೊಂಡೊಯ್ದ ಕೀರ್ತಿ ಶ್ರೀಕ್ಷೇತ್ರ ಧರ್ಮಸ್ಥಳಕ್ಕೆ ಸಲ್ಲಬೇಕು. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯವರು, ಎಷ್ಟು ಸಾಲ ಕೊಟ್ಟರೂ ಎಷ್ಟು ಸಹಾಯ ಮಾಡಿದರೂ ಕುಡಿಯುವ ಮನೆಯಲ್ಲಿ ಅದು ನಿಲ್ಲದೆಂಬುದನ್ನು ಕಂಡುಕೊಂಡರು. ಅವರ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಸಾವಿರವನ್ನು ದಾಟಿವೆ. ನಮ್ಮ ಮಂಡ್ಯ ಜಿಲ್ಲೆಯಲ್ಲೂ ನಡೆದಿವೆ. ಊರಿನ ಕಲ್ಯಾಣಮಂಟಪದಲ್ಲೋ ಸಮುದಾಯಭವನದಲ್ಲೋ ಸುಮಾರು ಎಂಟು ದಿನ ಅಲ್ಲೇ ಉಂಡು ಮಲಗಿ, ವ್ಯಾಯಾಮ, ಭಜನೆ, ವೈದ್ಯರ ಮಾತು, ಹೆಂಡತಿ ಮಕ್ಕಳ ಭೇಟಿ ಎಲ್ಲ ಮುಗಿಸಿಕೊಂಡು ಶಿಬಿರಾರ್ಥಿಗಳು ಮನೆಗೆ ಮರಳುತ್ತಾರೆ. ನಮ್ಮ ಲಕ್ಷ್ಯವಿರುವುದು ಆಮೇಲಿನದರ ಮೇಲೆ. ಶಿಬಿರ ಮುಗಿಸಿದವರು ಆಯಾ ಊರಿನಲ್ಲೇ ನವಜೀವನ ಸಮಿತಿಯೆಂದು ಕೂಡಿಕೊಳ್ಳುತ್ತಾರೆ, ನಿಯಮಿತವಾಗಿ ಸಭೆ ಸೇರುತ್ತಾರೆ. ಅಕ್ರಾನಿನ ವಿಧಾನಕ್ಕೂ ಇದಕ್ಕೂ ಭೇದಗಳಿವೆ. ಇಲ್ಲಿ ಹೆಸರು ಮುಚ್ಚಿಡುವುದಿಲ್ಲ. ಕುಡಿತ ಬಿಟ್ಟವನನ್ನು ವೇದಿಕೆಯ ಮೇಲೆ ಕರೆದು ಅಭಿನಂದಿಸುತ್ತಾರೆ. ಯಾವುದು ಮೇಲು ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಒಬ್ಬನಿಗೆ ಊರೆಲ್ಲ ನೋಡುತ್ತಿದೆಯೆಂಬ ಎಚ್ಚರ ಬಲ ಕೊಡುತ್ತದೆ, ಇನ್ನೊಬ್ಬನಿಗೆ ಅದೇ ಎಚ್ಚರ ಉರುಳಾಗುತ್ತದೆ. ಎರಡೂ ಕಡೆ ಶಿಬಿರಕ್ಕಿಂತ, ಆಸ್ಪತ್ರೆಗಿಂತ ಮುಂದೆ ಹೋಗಿ ಕಾಯುವುದು ಆ ವಾರದ ಸಭೆಯೇ.

ಇದು ಕೇವಲ ನಮ್ಮ ಭಾವನೆಯಲ್ಲ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ 27 ಅಧ್ಯಯನಗಳ, 10,565 ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ಕುಡಿಯದೆ ಉಳಿಯುವ ವಿಷಯದಲ್ಲಿ, ಎ.ಎ. ಸಭೆಗಳಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಇತರ ಪ್ರಸಿದ್ಧ ಮನೋಚಿಕಿತ್ಸೆಗಳಿಗೆ ಸಮನಾಗಿ, ಕೆಲವೆಡೆ ಅವಕ್ಕಿಂತ ಮೇಲಾಗಿ ಕಂಡಿತು.

ಈಗ ದುದ್ದಕ್ಕೆ ಬರೋಣ. ನಮ್ಮ ವಿಚಾರಣೆಯ ಒಬ್ಬ ಸಹೋದರ ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಹೆಸರು ಹೇಳುವುದಿಲ್ಲ, ನೀವೂ ಊಹಿಸುವ ಪ್ರಯತ್ನ ಮಾಡಬೇಡಿ. ಸಭೆಗೆ ಹೋಗುತ್ತಿರಬೇಕೆಂದು ವೈದ್ಯರು ಹೇಳಿದ್ದರು. ಎಲ್ಲಿ ಎಂದು ಹೇಳಿರಲಿಲ್ಲ. ವಿಚಾರಿಸಿದಾಗ ಮೈಸೂರಿನಲ್ಲಿದೆ ಎಂದು ತಿಳಿಯಿತು. ಇಲ್ಲಿಂದ ಮಂಡ್ಯಕ್ಕೆ ಒಂದು ಬಸ್ಸು, ಮಂಡ್ಯದಿಂದ ಮೈಸೂರಿಗೆ ರೈಲು. ಸಭೆ ಇರುವುದು ಸಂಜೆ. ಸಂಜೆ ಡೈರಿಗೆ ಹಾಲು ಹಾಕಬೇಕು, ದನಕ್ಕೆ ಹುಲ್ಲು ಹಾಕಬೇಕು, ಸಭೆ ಮುಗಿಸಿ ಬರುವಾಗ ಮಂಡ್ಯದಿಂದ ಊರಿಗೆ ಬಸ್ಸಿಲ್ಲ. ಹೋದ ಮೊದಲ ವಾರ ಆತ ಮಂಡ್ಯದ ಬಸ್ ನಿಲ್ದಾಣದಲ್ಲೇ ರಾತ್ರಿ ಕಳೆದ. ಎರಡನೆಯ ವಾರ ಸಭೆಯಲ್ಲಿದ್ದ ಒಬ್ಬರು ತಮ್ಮ ಮನೆಯಲ್ಲಿ ಮಲಗಿಸಿಕೊಂಡರು. ಹೀಗೆ ಸುಮಾರು ಹತ್ತು ತಿಂಗಳು. ಅಲ್ಲಿ ಏನು ನಡೆಯುತ್ತದಪ್ಪಾ ಎಂದು ನಾವು ಕೇಳಿದೆವು. "ಏನಿಲ್ಲ ಸ್ವಾಮಿ, ಕುರ್ಚಿ ಹಾಕಿರ್ತಾರೆ, ಟೀ ಕೊಡ್ತಾರೆ, ಒಬ್ಬೊಬ್ರಾಗಿ ಹೇಳ್ತಾರೆ. ನಾನು ಮೊದಲ ಮೂರು ವಾರ ಬಾಯೇ ಬಿಡಲಿಲ್ಲ. ಯಾಕೆ ಮಾತಾಡಲ್ಲ ಅಂತ ಒಬ್ರೂ ಕೇಳಲಿಲ್ಲ. ಬೈಯೋರೂ ಇಲ್ಲ, ಅಯ್ಯೋ ಪಾಪ ಅನ್ನೋರೂ ಇಲ್ಲ" ಎಂದ.

ಸಭೆಯ ಕ್ರಮ ನಿಜವಾಗಿ ಅಷ್ಟು ಸರಳವೇ. ಒಂದು ಗಂಟೆ, ಒಂದೂವರೆ ಗಂಟೆ. ಸದಸ್ಯರಲ್ಲೇ ಒಬ್ಬರು ಸರದಿಯಂತೆ ನಡೆಸುತ್ತಾರೆ. ಕಿರು ಪ್ರಾರ್ಥನೆಯಾಗುತ್ತದೆ, ಪುಸ್ತಕದ ಒಂದು ಭಾಗವನ್ನು ಓದುತ್ತಾರೆ. ಮಾತಾಡುವವನು ತನ್ನ ಹೆಸರು ಹೇಳಿ, ತಾನು ಮದ್ಯವ್ಯಸನಿಯೆಂದು ಒಪ್ಪಿಕೊಂಡು, ತನ್ನದನ್ನಷ್ಟೇ ಹೇಳುತ್ತಾನೆ. ಮತ್ತೊಬ್ಬನ ಮಾತಿಗೆ ಉತ್ತರ ಕೊಡುವುದಾಗಲಿ ಬುದ್ಧಿ ಹೇಳುವುದಾಗಲಿ ಇಲ್ಲ. ಜೀವಮಾನವಿಡೀ ಬಿಡುತ್ತೇನೆಂದು ಯಾರೂ ಹೇಳಬೇಕಾಗಿಲ್ಲ. ಇವತ್ತಿನ ದಿನಕ್ಕೆ ಸಾಕು. ಕೊನೆಯಲ್ಲಿ ಒಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಇದ್ದವರು ಹತ್ತು ರೂಪಾಯಿ ಹಾಕುತ್ತಾರೆ. ಹಳಬನೊಬ್ಬ ಹೊಸಬನಿಗೆ ತನ್ನ ಫೋನ್ ನಂಬರನ್ನು ಕೊಟ್ಟು, ಕುಡಿಯಬೇಕೆನಿಸಿದರೆ ಕುಡಿಯುವ ಮೊದಲು ಕರೆ ಮಾಡು ಎನ್ನುತ್ತಾನೆ. ಸಿಸ್ಟರ್ ಇಗ್ನೇಶಿಯಾರವರ ಬ್ಯಾಡ್ಜಿನ ಕೆಲಸವನ್ನು ಈಗ ಈ ನಂಬರು ಮಾಡುತ್ತಿದೆ. ವ್ಯಸನಿಗಳಿಗಷ್ಟೇ ಮೀಸಲಾದ ಸಭೆಗಳೂ, ಮನೆಯವರು ಯಾರಾದರೂ ಬರಬಹುದಾದ ತೆರೆದ ಸಭೆಗಳೂ ಬೇರೆಬೇರೆ ಇವೆ. ಮೊದಲ ಸಲ ಹೋಗುವವರು ಇದನ್ನು ವಿಚಾರಿಸಿಕೊಳ್ಳಬೇಕು.

ಆ ಸಹೋದರನ ದೂರದ ಪ್ರಯಾಣ ನಿಂತದ್ದು ವಿಚಿತ್ರ ರೀತಿಯಲ್ಲಿ. 2020ರ ಮಾರ್ಚಿಯಲ್ಲಿ ಕೊರೊನಾ ದಿಗ್ಬಂಧನ ಬಂತು. ಮದ್ಯದಂಗಡಿಗಳು ಮೇ 4ರವರೆಗೆ ಮುಚ್ಚಿದ್ದವು. ಚಿಕಿತ್ಸೆಯಿಲ್ಲದೆ ಏಕಾಏಕಿ ಕುಡಿತ ನಿಂತು ನರಳಿದವರ, ಪ್ರಾಣ ಕಳೆದುಕೊಂಡವರ ವಾರ್ತೆಗಳು ನಾಡಿನಾದ್ಯಂತ ಬಂದವು. ಸಭೆಗಳು ಮೊಬೈಲಿಗೆ ಬಂದವು. ಆತ ಮಗಳ ಫೋನನ್ನು ಇಸಿದುಕೊಂಡು ಪಂಪ್‌ಸೆಟ್ಟಿನ ಮನೆಯಲ್ಲಿ ಕುಳಿತು ಕನ್ನಡದ ಸಭೆಯನ್ನು ಕೇಳತೊಡಗಿದ. ಈಗಲೂ ಅಂಥ ಸಭೆಗಳಿವೆ. ಊರು ದೂರವಿರುವವರಿಗೆ ಮಹೋಪಕಾರಿ. ಆದರೂ ಅವನ ಮಾತು ಬೇರೆ: "ಫೋನಿನಲ್ಲಿ ಎಲ್ಲ ಕೇಳ್ತದೆ ಸ್ವಾಮಿ, ಆದರೆ ಪಕ್ಕದಲ್ಲಿ ಯಾರೂ ಕೂತಿರಲ್ಲ."

ನಮ್ಮೂರಿನಲ್ಲೇ ಸಭೆ ನಡೆಯಬೇಕೆಂಬ ವಿಚಾರ ಪಾಲನಾ ಸಮಿತಿಯ ಮುಂದೆ ಬಂದಾಗ ಚರ್ಚೆ ಬಿಸಿಯಾಯಿತು. ದೇವಾಲಯದ ಆವರಣ ಕುಡುಕರ ತಾಣವಾಗುತ್ತದೆ ಎಂದರು ಒಬ್ಬರು. ಊರಲ್ಲಿ ಯಾರು ಕುಡಿಯುತ್ತಾರೆಂಬುದು ಹಸುಗೂಸಿಗೂ ಗೊತ್ತಿರುವಾಗ ಹೆಸರು ಹೇಳದ ಸಭೆಯೆಂಬುದಕ್ಕೆ ಅರ್ಥವೇನು ಎಂದರು ಇನ್ನೊಬ್ಬರು. ಎರಡನೆಯ ಪ್ರಶ್ನೆ ಗಟ್ಟಿಯಾದದ್ದು, ನಾವು ಅದನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆವು. ನಗರದಲ್ಲಿ ಗುಟ್ಟಾಗಿರಬೇಕಾದದ್ದು ಮುಖ. ಹಳ್ಳಿಯಲ್ಲಿ ಮುಖ ಗುಟ್ಟಾಗಿರಲಾರದು, ಕುಡಿತವೂ ಗುಟ್ಟಲ್ಲ. ಇಲ್ಲಿ ಗುಟ್ಟಾಗಿ ಉಳಿಯಬೇಕಾದದ್ದು ಕೋಣೆಯೊಳಗೆ ಆಡಿದ ಮಾತು. ಹೆಂಡತಿಯ ಓಲೆ ಮಾರಿದ್ದು, ಮಗನ ಫೀಸಿನ ಹಣ ಕುಡಿದದ್ದು, ಅಪ್ಪನ ಮೇಲೆ ಕೈಮಾಡಿದ್ದು, ಇವನ್ನು ಒಬ್ಬ ಹೇಳಿದರೆ ಅದು ಅರಳಿಕಟ್ಟೆಗೆ ಬರಬಾರದು. ಟೀ ಅಂಗಡಿಗೆ ಬರಬಾರದು. ಪ್ರಸಂಗಪೀಠಕ್ಕಂತೂ ಬರಲೇಬಾರದು. ಇದನ್ನು ಕಾಪಾಡಲು ನಮ್ಮ ಊರಿಗೆ ಶಕ್ತಿಯಿದ್ದರೆ ಸಭೆ ನಡೆಯುತ್ತದೆ.

ಹೆಂಗಸರ ವಿಷಯವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಿಲ್ ವಿಲ್ಸನ್ನನ ಪತ್ನಿ ಲೋಯಿಸ್ 1951ರಲ್ಲಿ ವ್ಯಸನಿಗಳ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವನ್ನು ಕಟ್ಟಿದರು. ಗಂಡ ಕುಡಿತ ಬಿಟ್ಟ ಮೇಲೂ ತನ್ನೊಳಗಿನ ಸಿಟ್ಟು ಇಳಿಯದ್ದನ್ನು ಕಂಡು ಆಕೆಗೆ ಇದರ ಅಗತ್ಯ ತೋರಿತು. ನಮ್ಮ ಮನೆಗಳಲ್ಲಿ ಎಷ್ಟು ತಾಯಂದಿರು ಬಾಟಲಿ ಹುಡುಕಿ ಚೆಲ್ಲುತ್ತ, ಸಾಲಗಾರರಿಗೆ ಸುಳ್ಳು ಹೇಳುತ್ತ, ಬಲಿಪೂಜೆಯಲ್ಲಿ ಮುಸುಕೆಳೆದುಕೊಂಡು ಕೂರುತ್ತಾರೆಂಬುದನ್ನು ಪೀಠದ ಮೇಲೆ ನಿಂತ ಗುರುವಿಗಿಂತ ಚೆನ್ನಾಗಿ ಯಾರೂ ನೋಡಲಾರರು. ಗಂಡ ಸಭೆಗೆ ಹೋಗಲು ಒಪ್ಪದಿದ್ದರೂ ಹೆಂಡತಿ ತನಗಾಗಿ ಹೋಗಬಹುದು. ಇದು ಅನೇಕರಿಗೆ ತಿಳಿಯದು. ಹೆಂಗಸರೇ ಕುಡಿಯುವ ಮನೆಗಳೂ ಇವೆ. ಅವರ ನಾಚಿಕೆ ಇಮ್ಮಡಿ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಪ್ರಾಣವೇ ಹೋಗಬಹುದು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದು, ತೋಟದ ಮನೆಯಲ್ಲಿ ಕಟ್ಟಿಹಾಕುವುದು ಸಲ್ಲದು. ಅವನಿಗೆ ತಿಳಿಯದಂತೆ ಸಾರಿನಲ್ಲಿ ಪುಡಿ ಬೆರೆಸುವುದೂ ಅಪಾಯ. ಮೊದಲು ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ, ಇಲ್ಲವೆ ನಿಮ್ಹಾನ್ಸಿಗೆ. ವ್ಯಸನಮುಕ್ತಿಗೆಂದು ಕೇಂದ್ರ ಸರ್ಕಾರದ 14446 ಎಂಬ ಉಚಿತ ದೂರವಾಣಿಯಿದೆ. ಮನಸ್ಸಿನ ಯಾವುದೇ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಸಭೆ ಎಲ್ಲಿದೆಯೆಂದು ಆಸ್ಪತ್ರೆಯಿಂದ ಹೊರಡುವ ಮುನ್ನವೇ, ಊರು, ವಾರ, ಗಂಟೆ ಸಹಿತ ಬರೆಸಿಕೊಂಡು ಬನ್ನಿ. ಹೊರಟ ಮೊದಲ ವಾರದಲ್ಲೇ ಹೋಗಬೇಕು. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಬೇಕು. ಮತ್ತೆ ಕುಡಿದರೆ ಮತ್ತೆ ಹೋಗಬೇಕು. ಅಲ್ಲಿ ಬಾಗಿಲು ಹಾಕುವುದಿಲ್ಲ.

ಕೊನೆಗೆ ಪಾಲನಾ ಸಮಿತಿ ಒಪ್ಪಿತು. ಹಳೆಯ ಉಪದೇಶದ ಕೋಣೆಯನ್ನು, ರಸ್ತೆಯ ಕಡೆಗೆ ಬೇರೆ ಬಾಗಿಲಿರುವುದನ್ನು, ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿದೆ. ಹಾಲು ಕರೆಯುವ ಹೊತ್ತಿಗೆ ಎಲ್ಲರೂ ಮನೆ ಸೇರಬಹುದು. ಬೀಗದ ಕೈ ನಮ್ಮ ಬಳಿ ಇರುವುದಿಲ್ಲ, ಅವರ ಬಳಿಯೇ ಇರುತ್ತದೆ. ನಾವಾಗಲಿ ಉಪದೇಶಿಯವರಾಗಲಿ ಕರೆಯದೆ ಒಳಗೆ ಹೋಗುವುದಿಲ್ಲ. ಯಾವ ಜಾತಿ ಮತದವರೂ ಬರಬಹುದು. ಕೋಣೆಯನ್ನು ಉಚಿತವಾಗಿಯೇ ಕೊಡೋಣವೆಂದು ಸಮಿತಿಯವರು ಔದಾರ್ಯದಿಂದ ಹೇಳಿದರು. ಆ ಸಹೋದರ ಒಪ್ಪಲಿಲ್ಲ. ಹೊರಗಿನವರ ದಾನ ಬೇಡವೆಂಬುದು ಕೂಟದ ಸಂಪ್ರದಾಯ, ಡಬ್ಬಿಯಲ್ಲಿ ಬಿದ್ದ ದುಡ್ಡಿನಿಂದಲೇ ಬಾಡಿಗೆ ಕೊಡುತ್ತೇವೆ ಎಂದ. ತಿಂಗಳಿಗೆ ನೂರು ರೂಪಾಯಿಗೆ ಗೊತ್ತಾಯಿತು. ರಸೀದಿಯನ್ನು ಯಾರ ಹೆಸರಿಗೆ ಬರೆಯಬೇಕೆಂದು ಗುಮಾಸ್ತರು ಕೇಳಿದರು. ಯಾರ ಹೆಸರೂ ಬೇಡ, ಭಾನುವಾರದ ಸಭೆ ಎಂದು ಬರೆಯಿರಿ ಎಂದೆವು.